ಅವ್ವನ 1,240 ರೂಪಾಯಿ ಮತ್ತು ನನ್ನ ಓವರ್‌ಕ್ಲಾಕ್

"ವೋಲ್ಟೇಜ್ ಮುಟ್ಟದಿದ್ದರೆ ಏನೂ ಆಗುವುದಿಲ್ಲ." ಈ ಮಾತನ್ನು ನಾನು ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಊರಿಗೆ ಬಂದಾಗಲೆಲ್ಲ ಚಿಕ್ಕಪ್ಪನ ಮಕ್ಕಳು ತಮ್ಮ ಕಂಪ್ಯೂಟರಿನ ಸ್ಪೀಡ್ ಹೆಚ್ಚಿಸಿ ಕೊಡಿ ಎಂದು ಹಿಂದೆ ಬೀಳುತ್ತಿದ್ದರು. ನಾನೂ ದೊಡ್ಡ ಉಸ್ತಾದನ ಹಾಗೆ ಕುಳಿತು ಮಾಡಿಕೊಡುತ್ತಿದ್ದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೊನೆಯವರೆಗೂ ಓದಿ. ನಿಮಗೆ ಹೇಳದೆ ಬಿಟ್ಟದ್ದು ಸ್ವಲ್ಪ ಉಂಟು.

ನಾನು ಇರುವುದು ಮೊಗುಡಂಪಲ್ಲಿಯಲ್ಲಿ. ತೆಲಂಗಾಣದ ಜಹೀರಾಬಾದ್ ಹತ್ತಿರ, ಕರ್ನಾಟಕದ ಗಡಿಗೆ ತಾಗಿಕೊಂಡಂತಿರುವ ಊರು. 1956ರ ಮೊದಲು ಜಹೀರಾಬಾದ್, ನಾರಾಯಣಖೇಡ್ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ನಮ್ಮ ಕಡೆ ಕಾಸರಗೋಡಿಗೆ ಯಾವ ವರ್ಷ ಗೆರೆ ಬಿತ್ತೋ ಇಲ್ಲಿಗೂ ಅದೇ ವರ್ಷ ಬಿತ್ತು. ಹಾಗಾಗಿ ಸಂತೆಯಲ್ಲಿ ತೆಲುಗು, ಮಸೀದಿಯಲ್ಲಿ ದಖನಿ ಉರ್ದು, ಅನೇಕರ ಮನೆಯೊಳಗೆ ಕನ್ನಡ. ಮಣ್ಣು ನೋಡಿದರೆ ನಮ್ಮ ಮುರಕಲ್ಲಿನದೇ ಕೆಂಪು. ಮೊದಲ ದಿನ ಅದನ್ನು ನೋಡಿಯೇ ನನಗೆ ಅರ್ಧ ಸಮಾಧಾನವಾಯಿತು. ಉಳಿದರ್ಧ ಆಗಲಿಲ್ಲ, ಏಕೆಂದರೆ ಇಲ್ಲಿ ಮೀನೂ ಇಲ್ಲ, ಸಮುದ್ರದ ಗಾಳಿಯೂ ಇಲ್ಲ. ನಮ್ಮದು ಶಾಫಿ, ಇವರದು ಹನಫಿ. ಅಸರ್ ಬಾಂಗ್ ನಮ್ಮ ಲೆಕ್ಕಕ್ಕಿಂತ ಎಷ್ಟೋ ಹೊತ್ತಿನ ಮೇಲೆ ಆಗುತ್ತದೆ. ಮೊದಲ ವಾರವಿಡೀ ನಾನು ಖಾಲಿ ಮಸೀದಿಗೆ ಹೋಗಿ ಕುಳಿತುಕೊಳ್ಳುತ್ತಿದ್ದೆ.

ಹಾಗೆ ಕುಳಿತಿದ್ದಾಗಲೇ ಚಾಚಾ ಪರಿಚಯವಾದದ್ದು. ಅವರದು ಕಿರಾಣಿ ಅಂಗಡಿ, ಅಂಗಡಿಯ ಮಾಳಿಗೆಯ ಮೇಲೊಂದು ಕೋಣೆ. ನನ್ನ ಉಪ್ಪನಿಗೂ ದಿನಸಿ ಅಂಗಡಿ ಎಂದು ಗೊತ್ತಾದ ಮೇಲೆ ಅವರು ಅಡ್ವಾನ್ಸ್ ಕೂಡ ಕೇಳಲಿಲ್ಲ. ಕೆಲಸ ನನಗೆ ಜಹೀರಾಬಾದಿನಲ್ಲಿ. ಅಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಸುತ್ತಮುತ್ತ ಸಣ್ಣಪುಟ್ಟ ವರ್ಕ್‌ಶಾಪ್‌ಗಳೂ ಇವೆ. ಅಂಥ ಒಂದು ವರ್ಕ್‌ಶಾಪಿನಲ್ಲಿ ಹಗಲು ಮೆಶಿನ್ ಕೆಲಸ, ರಾತ್ರಿ ಕೋಣೆಯಲ್ಲಿ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಕೆಲಸ. ಡ್ರಾಯಿಂಗಿಗೆ ಬೇರೆ ದುಡ್ಡು.

ಕಂಪ್ಯೂಟರ್ ನಾನೇ ಜೋಡಿಸಿದ್ದು. ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಎಂಬ ಕಟ್ಟಡ ಉಂಟು. ಬೆಂಗಳೂರಿಗೆ ಎಸ್.ಪಿ. ರಸ್ತೆ ಹೇಗೋ ಹೈದರಾಬಾದಿಗೆ ಅದು ಹಾಗೆ. ಅಲ್ಲಿಂದ ತಂದದ್ದು ಎಎಂಡಿಯ ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಡಬ್ಬದಲ್ಲಿ ಬಂದ ಫ್ಯಾನನ್ನೇ ಹಾಕಿದೆ. ಬೇರೆ ಕೂಲರಿಗೆ ದುಡ್ಡಿರಲಿಲ್ಲ.

ಓವರ್‌ಕ್ಲಾಕ್ ಎಂದರೇನು ಎಂದು ನನ್ನ ಉಮ್ಮ ಒಮ್ಮೆ ಕೇಳಿದ್ದರು. ಆಗ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ರಂಝಾನ್ ತಿಂಗಳ ಸಂಜೆ, ನೋಂಬು ಬಿಡುವುದಕ್ಕೆ ಅರ್ಧ ಗಂಟೆ ಇರುವಾಗ ನಮ್ಮ ಅಂಗಡಿಯನ್ನು ನೆನಪಿಸಿಕೊಳ್ಳಿ. ಉಪ್ಪ ತೂಗುತ್ತಾ ಕೂಗುತ್ತಾರೆ: "ರವೆ ಅರ್ಧ, ಖರ್ಜೂರ ಕಾಲು." ಪಕ್ಕದಲ್ಲಿ ಕುಳಿತ ಹುಡುಗ ಅದನ್ನು ಬರೆಯುತ್ತಾನೆ. ಉಪ್ಪ ಕೂಗುವ ತಾಳವೇ ಕ್ಲಾಕ್. ರೈಜನ್ 2600ರ ಮೂಲ ವೇಗ 3.4 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 340 ಕೋಟಿ ಕೂಗು. ಪ್ರತಿ ಕೂಗಿನೊಳಗೆ ಒಳಗಿನ ವಿದ್ಯುತ್ ಸಂಕೇತ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿ, 0 ಅಥವಾ 1 ಎಂದು ಗಟ್ಟಿಯಾಗಿ ನಿಲ್ಲಬೇಕು. ಕೂಗನ್ನು ವೇಗ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಹುಡುಗನ ಕೈಯೂ ಅಷ್ಟೇ ಬೇಗ ಓಡಬೇಕು. ವೋಲ್ಟೇಜ್ ಹೆಚ್ಚಿಸುವುದೆಂದರೆ ಆ ಹುಡುಗನಿಗೆ ಕಡಕ್ ಚಾ ಕುಡಿಸಿದ ಹಾಗೆ: ಟ್ರಾನ್ಸಿಸ್ಟರ್‌ಗಳು ಬೇಗ ತಿರುಗುತ್ತವೆ, ಬಿಸಿಯೂ ಆಗುತ್ತವೆ.

ಆ ಬಿಸಿಯ ಲೆಕ್ಕ ಡಿಪ್ಲೊಮಾ ಓದಿದವನಿಗೆ ಬಾಯಿಪಾಠ ಇರಬೇಕು. ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನುವ ಶಕ್ತಿ ಕ್ಲಾಕಿಗೆ ನೇರವಾಗಿ ಏರುತ್ತದೆ, ವೋಲ್ಟೇಜಿಗೆ ಅದರ ವರ್ಗದಂತೆ ಏರುತ್ತದೆ. 3.4ರಿಂದ 3.8ಕ್ಕೆ ಹೋದರೆ ಶಕ್ತಿ ಸುಮಾರು ಶೇ 12 ಹೆಚ್ಚು. ಅದರ ಜೊತೆಗೆ ವೋಲ್ಟೇಜನ್ನೂ ಶೇ 10 ಏರಿಸಿದರೆ ಒಟ್ಟು ಶೇ 35. ಹಾಗಾಗಿಯೇ ನಮ್ಮಂಥ ಬಡ ಫ್ಯಾನಿನವರು ವೋಲ್ಟೇಜ್ ಮುಟ್ಟದೆ ಎಷ್ಟು ಸಿಗುತ್ತದೋ ಅಷ್ಟು ತೆಗೆಯುವುದು.

ಸಿಗುತ್ತದೆ ಕೂಡ, ಅದರಲ್ಲಿ ಮೋಸವಿಲ್ಲ. ಒಂದೇ ಅಚ್ಚಿನ ಚಿಪ್ಪಿಗೆ 2600 ಎಂದೂ ಹೆಸರು, 2600ಎಕ್ಸ್ ಎಂದೂ ಹೆಸರು. ಎರಡನೆಯದರ ಮೂಲ ವೇಗ 3.6. ಕಾರ್ಖಾನೆಯವರು ಅತ್ಯಂತ ಕಷ್ಟದ ಸ್ಥಿತಿಗೂ ಹೊಂದಲಿ ಎಂದು ಸ್ವಲ್ಪ ಜಾಗ ಬಿಟ್ಟು ಲೇಬಲ್ ಅಂಟಿಸುತ್ತಾರೆ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂದಾಗ ಜನ ಬೋರ್ಡಿನ 66 ಮೆಗಾಹರ್ಟ್ಸ್ ಅನ್ನು 100 ಮಾಡಿ, ಮೂಲ ವೋಲ್ಟೇಜಿನಲ್ಲೇ 300ರ ಚಿಪ್ಪನ್ನು 450ಕ್ಕೆ ಓಡಿಸಿದ್ದರು. ನಮಗಾಗ ಕಂಪ್ಯೂಟರ್ ಎಂದರೆ ಟಿವಿ ಜಾಹೀರಾತಿನಲ್ಲಿ ನೋಡಿದ್ದಷ್ಟೆ.

2021ರ ಡಿಸೆಂಬರಿನಲ್ಲಿ ನಾನು ಕೈ ಹಾಕಿದೆ. ಇಲ್ಲಿನ ಡಿಸೆಂಬರ್ ನಮ್ಮವರಿಗೆ ಹಲ್ಲು ಕಡಿಯುವ ಚಳಿ. ಬಯಾಸ್‌ಗೆ ಹೋಗಿ ಮೊದಲು ವೋಲ್ಟೇಜನ್ನು 'ಆಟೋ'ದಿಂದ ತೆಗೆದೆ. ಇದು ತುಂಬಾ ಜನ ಮರೆಯುವ ಹೆಜ್ಜೆ. ಆಟೋದಲ್ಲಿ ಬಿಟ್ಟು ವೇಗ ಏರಿಸಿದರೆ ಅನೇಕ ಬೋರ್ಡುಗಳು ನಮ್ಮನ್ನು ಕೇಳದೆ ತಾವೇ ವೋಲ್ಟೇಜ್ ಏರಿಸುತ್ತವೆ. ನಾವು ಏರಿಸಲಿಲ್ಲ ಎಂದು ಖುಷಿಯಲ್ಲಿರುತ್ತೇವೆ. 1.25ಕ್ಕೆ ಕಟ್ಟಿಹಾಕಿ, ಗುಣಕವನ್ನು 34ರಿಂದ 38ಕ್ಕೆ ಒಂದೊಂದಾಗಿ ಏರಿಸಿದೆ. 39ಕ್ಕೆ ಹೋದಾಗ ವಿಂಡೋಸ್ ನೀಲಿ ಪರದೆ ತೋರಿಸಿತು. 38ಕ್ಕೆ ಬಂದು ನಿಂತೆ.

ನಂತರ ರ‍್ಯಾಮ್. ಡಿಡಿಆರ್4ಗೆ ಮಾಮೂಲಿ ವೋಲ್ಟೇಜ್ 1.2. ವೇಗದ ಸ್ಟಿಕ್‌ಗಳು ಹೆಚ್ಚಾಗಿ 1.35 ಬೇಡುತ್ತವೆ. ನನ್ನದು 2666ರ ಸಾದಾ ಸ್ಟಿಕ್, ಸಿಎಲ್ 19. ಈ ಪ್ರೊಸೆಸರಿಗೆ 2933ರ ತನಕ ಒಪ್ಪಿಗೆ ಇದೆ, ಅದರ ಒಳಗಿನ ಹೆದ್ದಾರಿ ರ‍್ಯಾಮಿನ ಕ್ಲಾಕಿನ ಜೊತೆಗೇ ಓಡುವುದರಿಂದ ರ‍್ಯಾಮ್ ಏರಿಸಿದರೆ ಎರಡೂ ಕಡೆ ಲಾಭ. 1.2 ವೋಲ್ಟಿನಲ್ಲೇ 2933 ಹಿಡಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಸಿಎಲ್ ಎಂದರೆ ರ‍್ಯಾಮನ್ನು ಕೇಳಿದ ಮೇಲೆ ಉತ್ತರ ಬರಲು ಕಾಯುವ ಕ್ಲಾಕುಗಳ ಸಂಖ್ಯೆ. ಮೂಲದಲ್ಲಿ ಅದು ಸುಮಾರು 14 ನ್ಯಾನೊಸೆಕೆಂಡ್ ಆಗುತ್ತಿತ್ತು, 2933ರಲ್ಲಿ 19 ಇಟ್ಟರೆ 13. ನಾನು 16 ಹಾಕಿದೆ. ಸುಮಾರು 11ಕ್ಕೆ ಇಳಿಯಿತು. ಅಂದರೆ ಕೂಗೂ ವೇಗ, ಹುಡುಗನಿಗೆ ಕೊಟ್ಟ ಸಮಯವೂ ಕಡಿಮೆ, ಚಾ ಮಾತ್ರ ಹಳೆಯದೇ ಒಂದು ಲೋಟ.

ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಒಂದು ಸುತ್ತು ಓಡಿಸಿದೆ, ರಾತ್ರಿ ಇಶಾ ನಂತರ. ಒಂದು ತಪ್ಪೂ ಬರಲಿಲ್ಲ. ಹನ್ನೊಂದು ನಿಮಿಷ ಹಿಡಿಯುತ್ತಿದ್ದ ಒಂದು ಡ್ರಾಯಿಂಗ್ ಹತ್ತು ನಿಮಿಷಕ್ಕೆ ಮುಗಿಯಿತು. ಆ ಒಂದು ನಿಮಿಷದ ಖುಷಿಯನ್ನು ಊರಿಗೆ ಫೋನ್ ಮಾಡಿ ಹಂಚಿಕೊಂಡವನು ನಾನು.

ಅದೇ ಕಂಪ್ಯೂಟರಿನಲ್ಲಿ ಚಾಚಾನ ಉದ್ರಿ ಲೆಕ್ಕವೂ ಇತ್ತು. ಬಾಡಿಗೆ ಕಡಿಮೆ ತೆಗೆದುಕೊಳ್ಳುತ್ತಿದ್ದಾರೆ, ಋಣ ತೀರಲಿ ಎಂದು ನಾನೇ ಮುಂದೆ ಬಿದ್ದು ಹಿಡಿದ ಕೆಲಸ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವರು ಚೀಟಿಗಳನ್ನು ಕೊಡುತ್ತಿದ್ದರು, ನಾನು ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಹೆಸರು, ಊರು, ಬಾಕಿ ಎಂದು ಸಾಲು ಸಾಲಾಗಿ ಇಂಗ್ಲಿಷ್ ಅಕ್ಷರದಲ್ಲಿ ತಿದ್ದುತ್ತಿದ್ದೆ. ತಿಂಗಳಿಗೊಮ್ಮೆ ಪ್ರಿಂಟ್. ಕೆಂಪು ಬಟ್ಟೆ ಹೊದಿಕೆಯ ಉದ್ದ ಪುಸ್ತಕವನ್ನು ಚಾಚಾ ಕಪಾಟಿನ ಮೇಲೆ ಹಾಕಿಬಿಟ್ಟಿದ್ದರು.

2022ರ ಮೇ ತಿಂಗಳು, ಈದ್ ಕಳೆದು ಎರಡು ವಾರ ಆಗಿರಬೇಕು. ಭಾನುವಾರ, ರಜೆ. ಕೆಳಗೆ ಜೋರು ಮಾತು ಕೇಳಿ ಇಳಿದು ಬಂದೆ. ಕೂಲಿಗೆ ಹೋಗುವ ಒಬ್ಬ ಅವ್ವ, ಎಪ್ಪತ್ತರ ಹತ್ತಿರದ ವಯಸ್ಸು, ಕೈಯಲ್ಲಿ ನೋಟು ಹಿಡಿದು ನಿಂತಿದ್ದಳು. ತಿಂಗಳ ಮೇಲೆ ಮಗಳ ಮನೆಯಲ್ಲಿದ್ದು ಬಂದವಳು ಬಾಕಿ ತೀರಿಸಲು ಬಂದಿದ್ದಳು. ಚಾಚಾನ ಕೈಯಲ್ಲಿ ನನ್ನ ಪ್ರಿಂಟ್. ಅದರಲ್ಲಿ 9,240.

"ನಾ ಕೊಡಾದು ಸಾವಿರದ ಎರಡ್ನೂರ ನಲವತ್ತು" ಎಂದಳು ಅವ್ವ.

"ನಾ ಬರ್ದಿಲ್ಲ ಅವ್ವಾ, ಕಂಪ್ಯೂಟರ್ ಬರ್ದದ" ಎಂದರು ಚಾಚಾ.

"ಜ್ವಾಳ ಯಾರ್ ಒಯ್ದಾರ, ಯಾರ್ ತಿಂದಾರ, ಆ ಮಿಶಿನ್‌ಗ್ಯಾನ್ ಗೊತ್ತದ?"

ಸುತ್ತ ಏಳೆಂಟು ಜನ. ಯಾರೋ ನಕ್ಕರು. ಅವ್ವ ಅಲ್ಲಿಯೇ ನಿಂತು, ಹೋಳಿಯ ಮೊದಲು ಒಯ್ದ ಜೋಳದಿಂದ ಹಿಡಿದು ತೊಗರಿಬೇಳೆ, ಎಣ್ಣೆ, ಚಾಪುಡಿ, ಬಸ್ಸಿಗೆಂದು ಕೈಸಾಲ ಪಡೆದ ಇನ್ನೂರು ರೂಪಾಯಿ ತನಕ ಒಂದೊಂದಾಗಿ ಹೇಳುತ್ತಾ ಹೋದಳು. ಓದು ಬರಹ ಇಲ್ಲದವಳು. ಕೂಡಿದರೆ ಸರಿಯಾಗಿ 1,240. ಚಾಚಾ ನನ್ನ ಮುಖ ನೋಡಿದರು. ನಾನು ಏನು ಹೇಳಿದೆ ಗೊತ್ತೇ? "ಫೈಲಿನಲ್ಲಿ ತಪ್ಪಾಗುವುದಿಲ್ಲ ಚಾಚಾ, ಆದರೂ ನೋಡುತ್ತೇನೆ." ಅವ್ವ ತಂದ ನೋಟುಗಳನ್ನು ಗಲ್ಲದ ಮೇಲಿಟ್ಟು, ಮುಂದೆ ಏನೂ ಮಾತಾಡದೆ ಹೋದಳು.

ಮೇಲೆ ಬಂದು ಏಪ್ರಿಲ್ ಕೊನೆಯಲ್ಲಿ ನನಗೇ ನಾನು ಮೇಲ್ ಮಾಡಿಟ್ಟಿದ್ದ ಪ್ರತಿ ತೆಗೆದೆ. ಅದರಲ್ಲಿ 1,240. ಮೇ ತಿಂಗಳಲ್ಲಿ ಅವಳ ಹೆಸರಿನಲ್ಲಿ ಒಂದು ಚೀಟಿಯೂ ಬಂದಿರಲಿಲ್ಲ, ಆ ಸಾಲನ್ನು ನಾನು ಮುಟ್ಟಿರಲೇ ಇಲ್ಲ. ಬೆರಳು ಜಾರಿ 1 ಹೋಗಿ 9 ಬಿತ್ತೆನ್ನಲು ಕೀಬೋರ್ಡಿನಲ್ಲಿ ಅವೆರಡೂ ಅಕ್ಕಪಕ್ಕ ಇಲ್ಲ. ಎರಡೂ ಫೈಲುಗಳನ್ನು ಸಾಲು ಸಾಲಾಗಿ ಹೋಲಿಸಿದೆ. ನಾನು ಮುಟ್ಟದ ಸಾಲುಗಳಲ್ಲಿ ಇನ್ನೊಂದು ಕಡೆ ವ್ಯತ್ಯಾಸ ಸಿಕ್ಕಿತು: ಒಬ್ಬರ ವಿಳಾಸದಲ್ಲಿ ಮೊಗುಡಂಪಲ್ಲಿಯ ಮೊದಲ ಇಂಗ್ಲಿಷ್ ಅಕ್ಷರ 'ಎಂ' ಹೋಗಿ 'ಇ' ಆಗಿತ್ತು.

ಅದನ್ನು ನೋಡಿದಾಗ ನನಗೆ ಬೆವರು ಬಂತು. ಕಂಪ್ಯೂಟರ್ ಟೆಕ್ಸ್ಟ್ ಫೈಲಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇಡುತ್ತದೆ. '1' ಎಂಬ ಅಂಕಿಗೆ 49, '9'ಕ್ಕೆ 57. ದೊಡ್ಡ 'ಎಂ'ಗೆ 77, 'ಇ'ಗೆ 69. ಎರಡು ಕಡೆಯೂ ವ್ಯತ್ಯಾಸ 8. ಬಿಟ್‌ಗಳಲ್ಲಿ ಬರೆದರೆ 49 ಎಂದರೆ 00110001, 57 ಎಂದರೆ 00111001. ನಡುವಿನ ಒಂದೇ ಒಂದು ಸೊನ್ನೆ ಒಂದಾಗಿದೆ. ಇನ್ನೊಂದು ಕಡೆ ಅದೇ ಸ್ಥಾನದ ಒಂದು ಸೊನ್ನೆಯಾಗಿದೆ. ಫೈಲ್ ತೆರೆದಾಗ ಅದು ಪೂರ್ತಿಯಾಗಿ ರ‍್ಯಾಮಿಗೆ ಬರುತ್ತದೆ, ಸೇವ್ ಮಾಡಿದಾಗ ರ‍್ಯಾಮಿನಲ್ಲಿ ಇದ್ದದ್ದೆಲ್ಲ ವಾಪಸು ಡಿಸ್ಕಿಗೆ ಹೋಗುತ್ತದೆ, ನಾವು ಮುಟ್ಟಿದ ಸಾಲೂ, ಮುಟ್ಟದ ಸಾಲೂ. ನಡುವೆ ಒಂದು ಬಿಟ್ ಮಗುಚಿದರೆ ಕೇಳುವವರಿಲ್ಲ. ಸರ್ವರ್‌ಗಳಲ್ಲಿ ಹಾಕುವ ಇಸಿಸಿ ರ‍್ಯಾಮಿನಲ್ಲಿ ಪ್ರತಿ 64 ಬಿಟ್ಟಿಗೆ 8 ಬಿಟ್ ಕಾವಲಿಗೆ ಇರುತ್ತದೆ, ಅದು ಒಂದು ಬಿಟ್ ತಪ್ಪಿದರೆ ತಾನೇ ಸರಿಪಡಿಸುತ್ತದೆ. ನಮ್ಮ ಮನೆಯ ಕಂಪ್ಯೂಟರಿನ ಸಾದಾ ಸ್ಟಿಕ್ಕಿಗೆ ಕಾವಲುಗಾರನಿಲ್ಲ.

ಮೆಮ್‌ಟೆಸ್ಟ್ ಮತ್ತೆ ಹಾಕಿದೆ, ಈ ಸಲ ಮಧ್ಯಾಹ್ನ ಲುಹರ್ ಆದ ಕೂಡಲೇ. ಮಾಳಿಗೆ ಕಾದು ಕೋಣೆ 40 ಡಿಗ್ರಿ ದಾಟಿತ್ತು. ಇಪ್ಪತ್ತು ನಿಮಿಷದೊಳಗೆ ಕೆಂಪು ಸಾಲುಗಳು. ಅದು ಬರೆದ ಸಂಖ್ಯೆ ಒಂದು, ಓದಿದಾಗ ಸಿಕ್ಕ ಸಂಖ್ಯೆ ಇನ್ನೊಂದು. ಹಲವು ಸಾಲುಗಳಲ್ಲಿ ಕೊನೆಯ ವ್ಯತ್ಯಾಸ ಅದೇ 8. ರಾತ್ರಿ ಒಂದು ಗಂಟೆಗೆ ಕಿಟಕಿ ತೆರೆದು ಅದೇ ಪರೀಕ್ಷೆ ಹಾಕಿದೆ, ಒಂದೂ ಇಲ್ಲ.

ಕಾರಣ ಕಷ್ಟದ್ದಲ್ಲ. ಡಿರ‍್ಯಾಮಿನಲ್ಲಿ ಪ್ರತಿ ಬಿಟ್ ಒಂದು ಪುಟ್ಟ ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜ್. ಅದು ಸೋರುತ್ತಲೇ ಇರುತ್ತದೆ, ಹಾಗಾಗಿ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು. ಬಿಸಿಯಾದಷ್ಟೂ ಸೋರಿಕೆ ಹೆಚ್ಚು. ಚಿಪ್ 85 ಡಿಗ್ರಿ ದಾಟಿದರೆ ಅರ್ಧ ಸಮಯಕ್ಕೇ ತುಂಬಬೇಕೆಂದು ನಿಯಮ. ಕಾರ್ಖಾನೆಯವರು ಬಿಟ್ಟಿದ್ದ ಜಾಗ ಮೊಗುಡಂಪಲ್ಲಿಯ ಮೇ ತಿಂಗಳಿಗೆ, ಸೋರಿ ಅರೆಬರೆಯಾದ ಚಾರ್ಜನ್ನೂ ನಿಧಾನವಾಗಿ ಓದುವುದಕ್ಕೆ. ನಾನು ಡಿಸೆಂಬರ್ ರಾತ್ರಿ ಅಳೆದು, ಜಾಗ ಖಾಲಿ ಇದೆ ಎಂದು ಅಲ್ಲಿ ಸಾಮಾನು ಜೋಡಿಸಿಬಿಟ್ಟಿದ್ದೆ. ಡಿಪ್ಲೊಮಾದಲ್ಲಿ ಸುರಕ್ಷತಾ ಗುಣಾಂಕ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ಸುಸ್ತಾಗಿದ್ದರು. ಕ್ರೇನಿನ ಕೊಕ್ಕೆಗೆ ಒಂದು ಟನ್ ಎಂದು ಬರೆದಿದ್ದರೆ ಅದು ಒಂದೂವರೆಯನ್ನೂ ಎತ್ತೀತು. ಆದರೆ ಎತ್ತುವವನ ಕೆಳಗೆ ಜನ ನಿಂತಿರುತ್ತಾರೆ.

ಪ್ರೊಸೆಸರ್ ಕೈಕೊಟ್ಟರೆ ಬಹಳ ಸಲ ಯಂತ್ರ ನಿಲ್ಲುತ್ತದೆ, ನೀಲಿ ಪರದೆ ಬರುತ್ತದೆ, ನಮಗೆ ಗೊತ್ತಾಗುತ್ತದೆ. ರ‍್ಯಾಮ್ ಹಾಗಲ್ಲ. ಆ ಬರೆಯುವ ಹುಡುಗ "ಕಾಕಾ ಸ್ವಲ್ಪ ನಿಧಾನ" ಎಂದು ಕೂಗಿದರೆ ತೊಂದರೆ ಇಲ್ಲ. ಕೂಗದೆ, ಕೇಳಿಸದ್ದನ್ನು ಊಹಿಸಿ, ಚಂದದ ಅಕ್ಷರದಲ್ಲಿ ತಪ್ಪು ಬರೆದಿಟ್ಟರೆ?

ರಾತ್ರಿ ಉಪ್ಪನಿಗೆ ಫೋನ್ ಮಾಡಿದೆ. ಬಿಟ್, ವೋಲ್ಟೇಜ್ ಎಲ್ಲ ಹೇಳತೊಡಗಿದಾಗ ಅವರು ತಡೆದರು. ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತವರು. ವರ್ಷ ವರ್ಷ ತಕ್ಕಡಿ, ತೂಕದ ಕಲ್ಲು ಹೊತ್ತುಕೊಂಡು ಹೋಗಿ ಇಲಾಖೆಯವರಿಂದ ಮುದ್ರೆ ಹಾಕಿಸಿ ತರುವುದನ್ನು ಒಮ್ಮೆಯೂ ತಪ್ಪಿಸಿದವರಲ್ಲ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಮೋನೇ, ಬೇರೆ ಯಾರದ್ದಾದರೂ ಹೆಚ್ಚು ಕಡಿಮೆ ಆಗಿದೆಯಾ?" ಇಲ್ಲ ಎಂದೆ. "ಆ ಹೆಂಗಸಿಗೆ ಯಾರೆದುರು ಮಾತು ಬಂತು?" ಅಂಗಡಿಯೆದುರು, ಏಳೆಂಟು ಜನರೆದುರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರ ಮನೆಗೆ ಹೋಗಿ ಹೇಳಿದರೆ ಸಾಲದು" ಎಂದರು.

ಮರುದಿನ ಬೆಳಿಗ್ಗೆ ಚಾಚಾಗೆ ಹೇಳಿದೆ. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕಪಾಟಿನ ಮೇಲಿನ ಕೆಂಪು ಪುಸ್ತಕ ಇಳಿಸಿ ಧೂಳು ಕೊಡವಿದರು. ಇಬ್ಬರೂ ಅವ್ವನ ಮನೆಗೆ ಹೋದೆವು. ತಪ್ಪು ನನ್ನದು, ನಿಮ್ಮ ಲೆಕ್ಕ ಸರಿ, ಬಾಕಿ ಪೂರ್ತಿ ತೀರಿದೆ ಎಂದೆ. ಅವ್ವ ನೀರು ಕೊಟ್ಟಳು. ಅಂಗಡಿಗೆ ಬರಲು ಮಾತ್ರ ಒಪ್ಪಲಿಲ್ಲ. "ಆ ದಿನ ನಕ್ಕವ್ರು ಇವತ್ತ್ ಅಲ್ಲಿಲ್ಲ ತಮ್ಮಾ" ಎಂದಳು. ಕೊನೆಗೆ ಸಂತೆಯ ದಿನ, ಅಂಗಡಿ ತುಂಬಿರುವ ಹೊತ್ತಿಗೆ ಅವಳು ಬಂದಳು. ಎಲ್ಲರಿಗೂ ಕೇಳುವ ಹಾಗೆ ನನ್ನ ಅರೆಬರೆ ಬೀದರ್ ಕನ್ನಡದಲ್ಲಿ ಹೇಳಿದೆ. ಈ ಸಲವೂ ಯಾರೋ ನಕ್ಕರು, ನನ್ನನ್ನು ನೋಡಿ.

ಈಗ ಕಂಪ್ಯೂಟರಿನ ಸ್ಥಿತಿ ಹೀಗಿದೆ. ರ‍್ಯಾಮ್ ಲೇಬಲ್ಲಿನಲ್ಲಿದ್ದ 2666ಕ್ಕೆ, ಸಿಎಲ್ 19ಕ್ಕೆ ವಾಪಸು. 2933ರಲ್ಲಿ ಸಿಎಲ್ 19 ಇಟ್ಟು ಮಧ್ಯಾಹ್ನ ನಾಲ್ಕು ಸುತ್ತು ಪರೀಕ್ಷಿಸಿದಾಗ ತಪ್ಪು ಬರಲಿಲ್ಲ, ನಿಜ. ಆದರೂ ಇಳಿಸಿದೆ. ಪ್ರೊಸೆಸರನ್ನು ಪ್ರೈಮ್95 ಹಾಕಿ ಅದೇ ಬಿಸಿಲಲ್ಲಿ ನೋಡಿದಾಗ 3.8ರಲ್ಲಿ ಎರಡು ಗಂಟೆಯ ಮೇಲೆ ಒಂದು ಕೋರ್ ಲೆಕ್ಕ ತಪ್ಪಿತು, 3.7ರಲ್ಲಿ ರಾತ್ರಿ ಹಗಲು ಓಡಿದರೂ ತಪ್ಪಲಿಲ್ಲ. ಅಲ್ಲಿಯೇ ಇಟ್ಟಿದ್ದೇನೆ, ವೋಲ್ಟೇಜ್ ಅದೇ 1.25. ಪೂರ್ತಿ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿಕ್ಕಪ್ಪನ ಮಕ್ಕಳೇ, ನಿಮ್ಮ ಕಂಪ್ಯೂಟರುಗಳನ್ನು ನಾನು ಪರೀಕ್ಷಿಸಿದ್ದು ಮಳೆಗಾಲದಲ್ಲಿ, ತಲಾ ಅರ್ಧ ಗಂಟೆ. ಬರುವ ಏಪ್ರಿಲಿನಲ್ಲಿ, ಮಧ್ಯಾಹ್ನ, ಫ್ಯಾನ್ ಆರಿಸಿ, ಮೆಮ್‌ಟೆಸ್ಟ್ ಕನಿಷ್ಠ ನಾಲ್ಕು ಸುತ್ತು ಹಾಕಿ. ಒಂದೇ ಒಂದು ಕೆಂಪು ಸಾಲು ಬಂದರೂ ಬಯಾಸ್‌ನಲ್ಲಿ ಮೂಲಸ್ಥಿತಿಗೆ ತನ್ನಿ. ಪರದೆಯೇ ಬಾರದಿದ್ದರೆ ಪ್ಲಗ್ ಕಿತ್ತು, ಬೋರ್ಡಿನ ದುಂಡಗಿನ ಸೆಲ್ ಸ್ವಲ್ಪ ಹೊತ್ತು ತೆಗೆದಿಡಿ, ಸೆಟ್ಟಿಂಗ್ ತಾನೇ ಅಳಿಯುತ್ತದೆ. ಮದುವೆಯ ಫೋಟೊಗಳಿದ್ದರೆ ಮೊದಲು ಬೇರೆ ಕಡೆ ಪ್ರತಿ ತೆಗೆದುಕೊಳ್ಳಿ.

ಚಾಚಾನ ಉದ್ರಿ ಈಗ ಕೆಂಪು ಪುಸ್ತಕದಲ್ಲಿದೆ. ನಾನೇ ಬರೆಯುತ್ತೇನೆ, ಪೆನ್ನಿನಲ್ಲಿ. ಅವ್ವ ತಿಂಗಳ ಕೊನೆಗೆ ಬಂದು ಮೆಟ್ಟಿಲ ಮೇಲೆ ಕುಳಿತು "ಓದು ತಮ್ಮಾ" ಎನ್ನುತ್ತಾಳೆ. ನಾನು ಓದುತ್ತಾ ಹೋಗುತ್ತೇನೆ, ಅವಳು ಬೆರಳು ಮಡಚುತ್ತಾ ಹೋಗುತ್ತಾಳೆ. ಹೋದ ತಿಂಗಳು ನಾನು ಸೋಪೊಂದನ್ನು ಬರೆಯಲು ಮರೆತಿದ್ದೆ. ಅವಳೇ ನೆನಪಿಸಿ ಬರೆಸಿದಳು.